ಗಾಜಿನ ಪೆಟ್ಟಿಗೆಯಲ್ಲೊಂದು ಹುತ್ತ: ನಮ್ಮ ಉಂಡೆ ಬಿಟ್ಟ ಎರಡು ಪೊರೆ

ಜನವರಿ 11ರ ರಾತ್ರಿ ನಮ್ಮ ಸಾಕು ಹಾವು ಉಂಡೆ ನನ್ನ ಕೈಗೆ ಬಾಯಿ ಹಾಕಿದಳು. ನೀರಿನ ಬಟ್ಟಲು ಬದಲಿಸೋಣ ಅಂತ ಟ್ಯಾಂಕಿನೊಳಗೆ ಕೈ ಇಳಿಸಿದ್ದೆ, ಅಷ್ಟೇ. ಬುಸ್ ಅನ್ನುವ ಸದ್ದು ಕೇಳುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ರಕ್ತದ ಸಣ್ಣ ಚುಕ್ಕೆಗಳು ಕಮಾನಿನ ಹಾಗೆ ಸಾಲಾಗಿ ಮೂಡಿದ್ದವು. ನೋವು ಜಾಸ್ತಿ ಇರಲಿಲ್ಲ. ಉಂಡೆ ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಒಂದು ಸಣ್ಣ ಹೆಬ್ಬಾವು. ಬಾಲ್ ಪೈಥಾನ್‌ಗೆ ವಿಷ ಇಲ್ಲ. ಸೋಪು ಹಾಕಿ ತೊಳೆದುಕೊಂಡೆ. ಆದರೆ ಆರು ವರ್ಷದಲ್ಲಿ ಅವಳು ಒಂದು ಸಲವೂ ಹೀಗೆ ಮಾಡಿರಲಿಲ್ಲ. ಮಗಳು ಬಾಗಿಲ ಬಳಿ ನಿಂತು ಅಳುತ್ತಿದ್ದಳು. "ಅವಳಿಗೆ ನಾವು ಬೇಡವಾದ್ವಾ?" ಅಂತ ಕೇಳಿದಳು.

ಅಲ್ಲಿಂದ ಮಾರ್ಚ್ 18ರವರೆಗೆ ಮಗಳು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟಳು. ಅದನ್ನೇ ಎದುರಿಗೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಾವು ಸಾಕುವವರಿಗೆ ಪೊರೆಯ ಕಾಲ ಅಂದರೆ ಗಲಿಬಿಲಿ. ಊಟ ಬಿಡುತ್ತದೆ, ಬುಸುಗುಡುತ್ತದೆ, ಅಡಗಿ ಕೂರುತ್ತದೆ, ನೀರಿನಲ್ಲಿ ಮಲಗುತ್ತದೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಕಾಯಿಲೆಯ ಹಾಗೇ ಕಾಣುತ್ತದೆ. ನಾನು ಹಾಗೆ ಬಿಡಿಬಿಡಿಯಾಗಿ ನೋಡಿದ್ದೇ ತಪ್ಪಾಯಿತು.

ಉಂಡೆ ಯಾರು

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ಒಂದು ಊರಿನಲ್ಲಿ. ಉಂಡೆ ಹೆಣ್ಣು. ಉದ್ದ ಸುಮಾರು ನಾಲ್ಕು ಅಡಿ, ತೂಕ ಆಗ 1,540 ಗ್ರಾಂ. ಹೆದರಿದರೆ ಈ ಜಾತಿಯ ಹಾವು ತಲೆಯನ್ನು ನಡುವೆ ಸೇರಿಸಿಕೊಂಡು ಮೈಯನ್ನೆಲ್ಲ ಉಂಡೆ ಕಟ್ಟುತ್ತದೆ. ಬಾಲ್ ಪೈಥಾನ್ ಅನ್ನುವ ಹೆಸರು ಬಂದಿದ್ದು ಅದರಿಂದಲೇ. ಮಗಳು ಇಟ್ಟ ಹೆಸರೂ ಅದರಿಂದಲೇ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ.

ಇದರ ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೋ, ಬೆನಿನ್ ಕಡೆಯ ಹುಲ್ಲುಗಾವಲು, ಹೊಲಗದ್ದೆಗಳ ಹಾವು. ಬೆನಿನ್ ದೇಶದ ವೀಡಾ ಅನ್ನುವ ಊರಿನಲ್ಲಿ ಈ ಹಾವಿಗೆ ಒಂದು ಗುಡಿಯೇ ಇದೆ. ಒಳಗೆ ಹತ್ತಾರು ಹಾವುಗಳು ಹಾಯಾಗಿ ಮಲಗಿರುತ್ತವೆ. ಜನ ಅವನ್ನು ಕೊಲ್ಲುವುದಿಲ್ಲ, ಪೂಜಿಸುತ್ತಾರೆ. ಶಿರಸಿಯ ಕಡೆ ನಾಗಬನ ನೋಡಿಕೊಂಡು ಬೆಳೆದವರಿಗೆ ಇದನ್ನು ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ನನಗಂತೂ ಆಯಿತು.

ಊರಿನಲ್ಲಿರುವ ಓದುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕೇರೆಹಾವು, ನಾಗರಹಾವು, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವಾದರೆ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಸುಮ್ನೆ ತಂದು ಇಟ್ಟುಕೊಳ್ಳುವ ಹಾಗಿಲ್ಲ.

ಈ ಕಥೆಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಹಿಂದಿನ ಅಕ್ಟೋಬರ್‌ನಲ್ಲಿ ನಾವು ಮನೆ ಬದಲಿಸಿದ್ದೆವು. ಅಪಾರ್ಟ್‌ಮೆಂಟಿನಲ್ಲಿ ಇದ್ದಾಗ ಉಂಡೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇದ್ದಳು. ಅಲ್ಲಿ ಪೊರೆ ಬಿಟ್ಟಿದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಇಡೀ ಪೊರೆ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಹೊಸ ಮನೆಗೆ ಬಂದ ಮೇಲೆ "ಪಾಪ, ಬೆಳಕು ಗಾಳಿ ಇರಲಿ" ಅಂತ ದೊಡ್ಡ ಗಾಜಿನ ಟ್ಯಾಂಕ್ ತಂದೆವು. ಮೇಲೆ ಜಾಲರಿ ಮುಚ್ಚಳ, ಅದರ ಮೇಲೆ ಹೀಟ್ ಲ್ಯಾಂಪ್. ಕೆಳಗೆ ಹಾಸಲು ಮರದ ಹೊಟ್ಟು. ಅಂಗಡಿಯವರು ಗಾಜಿಗೆ ಅಂಟಿಸಲು ಮುಳ್ಳಿನ ಒಂದು ತೇವಮಾಪಕವನ್ನೂ ಕೊಟ್ಟಿದ್ದರು. ಅದರ ಮುಳ್ಳು ಯಾವಾಗಲೂ 50ರ ಆಸುಪಾಸಿನಲ್ಲಿ ಇರುತ್ತಿತ್ತು. ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದೆ.

ಬಿಡಿಬಿಡಿ ಲಕ್ಷಣಗಳು

ಮೊದಲ ಲಕ್ಷಣ ಕಡಿತ ಅಲ್ಲ, ಊಟ ಬಿಟ್ಟದ್ದು. ಜನವರಿ 9ರಂದು ಫ್ರೀಜರ್‌ನಿಂದ ತೆಗೆದ ಇಲಿಯನ್ನು ಎಂದಿನಂತೆ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದೆ. ಉಂಡೆ ನಾಲಿಗೆ ಆಡಿಸಿದಳು, ಹಿಂದಕ್ಕೆ ಸರಿದಳು. ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಉಪವಾಸ ಇರುತ್ತವೆ. ಹಾಗಾಗಿ ಚಳಿಗೆ ಇರಬೇಕು ಅಂದುಕೊಂಡೆ.

11ಕ್ಕೆ ಕಡಿದಳು. ಇದನ್ನು ಸಿಟ್ಟು ಅಂತ ಓದಿಕೊಂಡೆ. ಹೊಸ ಮನೆ ಅವಳಿಗೆ ಹಿಡಿಸಿಲ್ಲ ಅಂತ ಲೆಕ್ಕ ಹಾಕಿದೆ.

12ಕ್ಕೆ ಹೊಟ್ಟೆಯ ಅಡಿ ತಿಳಿ ಗುಲಾಬಿಯಾಗಿ ಕಂಡಿತು. ಲ್ಯಾಂಪಿನ ಬಿಸಿ ತಾಗಿ ಸುಟ್ಟಿರಬಹುದು ಅಂತ ಗಾಬರಿಯಾಗಿ ಬಿಸಿ ಕಡೆಯ ನೆಲ ಅಳೆದೆ. 32 ಡಿಗ್ರಿ. ಅದು ಸರಿಯಾಗಿಯೇ ಇತ್ತು.

ಅವತ್ತು ರಾತ್ರಿ ಅಮ್ಮ ಶಿರಸಿಯಿಂದ ಫೋನ್ ಮಾಡಿದ್ದರು. ಮಗಳು ಅಜ್ಜಿಗೆ ಎಲ್ಲ ಹೇಳಿಕೊಂಡಳು. ಅಮ್ಮ ಒಂದು ಹಾವನ್ನೂ ಸಾಕಿದವರಲ್ಲ. ಆದರೆ ಎಪ್ಪತ್ತು ವರ್ಷ ಅಡಿಕೆ ತೋಟದಲ್ಲಿ ಓಡಾಡಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಣ್ಣು ನೋಡಿದೆಯಾ?" ನಾನು ನೋಡಿರಲಿಲ್ಲ. "ಪೊರೆ ಬಂದಿರಬೇಕು. ಪೊರೆ ಬಂದಾಗ ಹಾವಿಗೆ ಕಣ್ಣು ಕಾಣಲ್ಲ. ಆಗ ಹತ್ತಿರ ಹೋಗಬಾರದು, ಅದಕ್ಕೂ ಹೆದರಿಕೆ ಇರ್ತದೆ" ಅಂದರು.

ಟಾರ್ಚ್ ಹಿಡಿಯದೆ, ರೂಮಿನ ಬೆಳಕಿನಲ್ಲೇ ಬಗ್ಗಿ ನೋಡಿದೆವು. ಕಪ್ಪು ಮಣಿಯಂತೆ ಇರಬೇಕಾದ ಕಣ್ಣಿನ ಮೇಲೆ ಹೊಗೆ ಹಿಡಿದ ಹಾಗಿತ್ತು. ಮರುದಿನಕ್ಕೆ ಅದು ಪೂರ್ತಿ ನೀಲಿ ಬೂದು. ಮೈಯ ಕಂದು ಬಣ್ಣದ ಪಟ್ಟೆಗಳು ಕೂಡ ಧೂಳು ಹಿಡಿದ ಹಾಗೆ ಮಾಸಿದ್ದವು.

ಒಳಗೆ ನಡೆಯುವುದು ಏನು

ನಮ್ಮ ಚರ್ಮವೂ ಉದುರುತ್ತದೆ. ಆದರೆ ಚೂರು ಚೂರಾಗಿ, ದಿನಾ, ನಮಗೆ ಗೊತ್ತಾಗದ ಹಾಗೆ. ಹಾವಿನದು ಹಾಗಲ್ಲ. ಮೈಯ ಮೇಲಿನ ಪದರ ಇಡಿಯಾಗಿ ಒಂದೇ ಸಲಕ್ಕೆ ಬದಲಾಗುತ್ತದೆ. ಹಳೆಯದರ ಅಡಿಯಲ್ಲಿ ಹೊಸ ಪದರ ಪೂರ್ತಿ ತಯಾರಾಗುತ್ತದೆ. ಆಮೇಲೆ ಎರಡರ ನಡುವೆ ತೆಳ್ಳಗೆ ಒಂದು ದ್ರವ ಇಳಿಯುತ್ತದೆ. ಹಳೆಯದನ್ನು ಹೊಸದರಿಂದ ಬಿಡಿಸುವುದು ಅದರ ಕೆಲಸ. ಮೈ ಮಾಸಲಾಗುವುದು, ಕಣ್ಣು ನೀಲಿಯಾಗುವುದು ಈ ದ್ರವದಿಂದ.

ಕಣ್ಣಿಗೇಕೆ ಅಂದರೆ, ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ. ಅದೂ ಚರ್ಮದ್ದೇ ಭಾಗ. ಚರ್ಮದ ಜೊತೆ ಅದೂ ಬದಲಾಗಬೇಕು. ಆ ನಾಲ್ಕೈದು ದಿನ ಹಾವಿಗೆ ಲೋಕವೆಲ್ಲ ಮಂಜು. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ, ಬಿಸಿ ಗುರುತಿಸುವುದಕ್ಕೆ. 11ರ ರಾತ್ರಿ ಉಂಡೆಯ ಪಾಲಿಗೆ ನನ್ನ ಕೈ ಕೈಯಾಗಿರಲಿಲ್ಲ. ಮೇಲಿನಿಂದ ಇಳಿದು ಬರುವ ಬಿಸಿಯಾದ, ದೊಡ್ಡದಾದ ಏನೋ ಒಂದು. ಕಾಡಿನಲ್ಲಿ ಮೇಲಿನಿಂದ ಬರುವುದು ಬೇಟೆಯ ಹಕ್ಕಿ. ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವಳು ಕಡಿದಿದ್ದು ನಿನ್ನನ್ನಲ್ಲ" ಅಂದಳು. ಹೌದು, ನನ್ನನ್ನಲ್ಲ.

ಊಟ ಬಿಟ್ಟದ್ದಕ್ಕೂ ಇಲ್ಲೇ ಕಾರಣ ಇದೆ. ಕಣ್ಣು ಮಂಜಾದಾಗ, ಮೈ ಬಿಗಿಯಾಗಿರುವಾಗ, ಹೊಸ ಚರ್ಮ ಇನ್ನೂ ಎಳೆಯದಾಗಿರುವಾಗ ಬೇಟೆಗೆ ಹೋಗುವುದು ಹಾವಿಗೆ ಅಪಾಯ. ಅಡಗಿ ಕೂರುವುದೇ ಕ್ಷೇಮ.

14ರಿಂದ ಅವಳು ನೀರಿನ ಬಟ್ಟಲಿನಲ್ಲಿ ಹೋಗಿ ಸುತ್ತಿಕೊಂಡಳು. ಮೂರು ರಾತ್ರಿ ಅಲ್ಲೇ. ಹಾವು ನೀರಿನಲ್ಲಿ ಕೂತರೆ ಹೇನು (ಮೈಟ್ ಅನ್ನುವ ಸಣ್ಣ ಉಣ್ಣಿ) ಬಿದ್ದಿರಬಹುದು ಅಂತ ಕೇಳಿದ್ದೆ. ಬಿಳಿ ಟಿಶ್ಯೂ ಒದ್ದೆ ಮಾಡಿ ಅವಳು ಬಟ್ಟಲಿನಿಂದ ಎದ್ದಾಗ ಬೆನ್ನಿಗೆ ಮೆಲ್ಲಗೆ ಒತ್ತಿ ನೋಡಿದೆ. ಹರಿದಾಡುವ ಕಪ್ಪು ಚುಕ್ಕೆ ಒಂದೂ ಇರಲಿಲ್ಲ. ಗದ್ದದ ಗೆರೆಯಲ್ಲೂ ಇಲ್ಲ, ನೀರಿನ ತಳದಲ್ಲೂ ಇಲ್ಲ. ಬಾಯಿ ತೆರೆದು ಉಸಿರಾಡುತ್ತಿರಲಿಲ್ಲ, ಮೂಗಿನಲ್ಲಿ ಗುಳ್ಳೆ ಇರಲಿಲ್ಲ. ಅಂದರೆ ಹೇನೂ ಅಲ್ಲ, ನೆಗಡಿಯೂ ಅಲ್ಲ. "ಪೊರೆಗೆ ನೆನೀತಾ ಇದ್ದಾಳೆ" ಅಂತ ಮಗಳು ಬರೆದುಕೊಂಡಳು. ಸರಿಯೇ. ಆದರೆ ಮೂರು ರಾತ್ರಿ ಯಾಕೆ ಅಂತ ನಾನು ಕೇಳಿಕೊಳ್ಳಲಿಲ್ಲ. ಹಳೆಯ ಮನೆಯಲ್ಲಿ ಒಂದು ಸಲವೂ ಅವಳು ಬಟ್ಟಲಿನಲ್ಲಿ ಕೂತಿರಲಿಲ್ಲ. ಅವಳು ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡಿದ್ದಳು. ಆ ಸುಳಿವು ನನ್ನ ಕಣ್ಣೆದುರಿಗೇ ಇತ್ತು, ನಾನು ಕೈಬಿಟ್ಟೆ.

ತಿಳಿಯಾದ ಕಣ್ಣು

17ರ ಬೆಳಿಗ್ಗೆ ಕಣ್ಣು ತಿಳಿಯಾಗಿತ್ತು. ಮತ್ತೆ ಕಪ್ಪು ಮಣಿ. ಮೈಯ ಬಣ್ಣವೂ ಸ್ವಲ್ಪ ವಾಪಸ್ ಬಂದಿತ್ತು. ನಮಗೆಲ್ಲ ಎಷ್ಟು ಖುಷಿ! ಮುಗೀತು ಅಂದುಕೊಂಡೆವು. ಅವತ್ತೇ ಸಂಜೆ ಅವಳನ್ನು ಎತ್ತಿಕೊಂಡೆವು. ಇಲಿಯನ್ನೂ ಕೊಟ್ಟು ನೋಡಿದೆವು. ಅವಳು ತಿನ್ನಲಿಲ್ಲ, ಕೈಯಲ್ಲೇ ಉಂಡೆ ಕಟ್ಟಿಕೊಂಡಳು.

ಈ ಇಡೀ ಪ್ರಕರಣದಲ್ಲಿ ಹೊಸಬರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ ಅಂತ ನನ್ನ ಅನಿಸಿಕೆ. ಕಣ್ಣು ತಿಳಿಯಾಯಿತು ಅಂದರೆ ಪೊರೆ ಹೋಯಿತು ಅಂತ ಅಲ್ಲ. ನಡುವಿನ ದ್ರವದ ಕೆಲಸ ಮುಗಿದಿದೆ ಅಂತ ಮಾತ್ರ. ಹಳೆಯ ಪದರ ಇನ್ನೂ ಮೈಮೇಲೇ ಇದೆ, ಸಡಿಲವಾಗಿದೆ. ಅದು ಕಳಚಲು ಇನ್ನೂ ನಾಲ್ಕೈದು ದಿನ ಬೇಕು. ಆ ದಿನಗಳಲ್ಲಿ ಎಳೆದಾಡಿದರೆ ಎಲ್ಲೆಂದರಲ್ಲಿ ಹರಿಯುತ್ತದೆ. ತುಟಿಯಿಂದ ಶುರುವಾಗಿ ಕ್ರಮವಾಗಿ ಹಿಂದಕ್ಕೆ ಹೋಗಬೇಕಾದ್ದು ನಡುವೆಯೇ ಕಿತ್ತು ಬರುತ್ತದೆ. ನಾವು ಎತ್ತಿಕೊಂಡದ್ದು ಅಂಥ ಹೊತ್ತಿನಲ್ಲಿ.

21ರ ರಾತ್ರಿ ಟ್ಯಾಂಕಿನಿಂದ ಸರಪರ ಸದ್ದು. ಉಂಡೆ ನಿದ್ದೆ ಮಾಡಲಿಲ್ಲ, ನಮಗೂ ಮಾಡಲು ಬಿಡಲಿಲ್ಲ. ಮೂಗನ್ನು ಮರದ ತುಂಡಿಗೆ ಉಜ್ಜುತ್ತಿದ್ದಳು, ತಿರುಗಿ ಬಂದು ಮತ್ತೆ ಉಜ್ಜುತ್ತಿದ್ದಳು.

ಬೆಳಿಗ್ಗೆ ನೋಡಿದರೆ ಪೊರೆ ಹನ್ನೊಂದು ಚೂರು. ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಒಣಗಿ ಹೊಟ್ಟಿನ ನಡುವೆ ಬಿದ್ದಿತ್ತು. ಅವಳ ಕುತ್ತಿಗೆ, ಬೆನ್ನಿನ ಮೇಲೆ ಅಲ್ಲಲ್ಲಿ ಹಳೆಯ ಪದರ ಬಿಳಿಚಿಕೊಂಡು ಅಂಟಿತ್ತು. ಬಾಲದ ತುದಿಯಲ್ಲಿ ಉಂಗುರದ ಹಾಗೆ ಒಂದು ಸುತ್ತು. ಎಡಗಣ್ಣು ಮಾತ್ರ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಮಂಕಾಗಿತ್ತು. ತಲೆಯ ಭಾಗದ ಚೂರನ್ನು ಹುಡುಕಿ ಬೆಳಕಿಗೆ ಹಿಡಿದೆ. ಬಲಗಣ್ಣಿನ ಜಾಗದಲ್ಲಿ ಪುಟ್ಟ ಲೆನ್ಸಿನಂಥ ಗುಂಡನೆಯ ಮುಚ್ಚಳ ಇತ್ತು. ಎಡಗಣ್ಣಿನ ಜಾಗದಲ್ಲಿ ತೂತು.

ಮುಳ್ಳು ಹೇಳಿದ ಸುಳ್ಳು

ಅವತ್ತೇ ಹೋಗಿ ಡಿಜಿಟಲ್ ತೇವಮಾಪಕ (ಹೈಗ್ರೋಮೀಟರ್) ತಂದೆ. ತಂತಿಯ ತುದಿಯಲ್ಲಿ ತೇವ ಅಳೆಯುವ ಪ್ರೋಬ್ ಇರುವಂಥದ್ದು. ಅದನ್ನು ಉಂಡೆ ಮಲಗುವ ಜಾಗದಲ್ಲಿ ನೆಲಕ್ಕೆ ತಾಗಿಸಿ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿದೆ. ಶೇ. 23. ಮೇಲೆ ಗಾಜಿಗೆ ಅಂಟಿದ್ದ ಮುಳ್ಳು ಆಗಲೂ 50 ತೋರಿಸುತ್ತಿತ್ತು. ಅದನ್ನು ಕಿತ್ತು ಕೈಯಲ್ಲಿ ಹಿಡಿದು ಅಡುಗೆಮನೆಗೆ, ಕುದಿಯುವ ಸಾರಿನ ಮೇಲಕ್ಕೆ ಹಿಡಿದೆ. 50. ಬಾಗಿಲು ತೆಗೆದು ಹೊರಗಿನ ಹಿಮದಲ್ಲಿ ಇಟ್ಟೆ. 50. ಅಕ್ಟೋಬರ್‌ನಿಂದ ಅದು ಅಲ್ಲಾಡಿಯೇ ಇರಲಿಲ್ಲ.

ಬಾಲ್ ಪೈಥಾನ್‌ಗೆ ಮಾಮೂಲಿ ದಿನಗಳಲ್ಲಿ ಶೇ. 55-60ರಷ್ಟು ತೇವ ಬೇಕು. ಪೊರೆಯ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ, 65-70. ನಮ್ಮಲ್ಲಿ ಜನವರಿಯಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಇರುತ್ತದೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಿನ ಪಸೆ ತೀರಾ ಕಡಿಮೆ. ಅದೇ ಗಾಳಿಯನ್ನು ಹೀಟರ್ ಒಳಗೆ ಎಳೆದು 21 ಡಿಗ್ರಿಗೆ ಕಾಯಿಸಿದರೆ ಅದು ಸಿಕ್ಕ ಕಡೆಯಿಂದೆಲ್ಲ ತೇವ ಹೀರುತ್ತದೆ. ನಮ್ಮ ತುಟಿ ಒಡೆಯುವುದು, ಮಗಳ ಮೂಗಿನಲ್ಲಿ ರಕ್ತ ಬರುವುದು ಅದಕ್ಕೇ. ಅದರ ಮೇಲೆ ಜಾಲರಿ ಮುಚ್ಚಳ, ಮೇಲಿನಿಂದ ಉರಿಯುವ ಲ್ಯಾಂಪ್, ಕೆಳಗೆ ಒಣ ಹೊಟ್ಟು. ಎರಡು ಪದರದ ನಡುವೆ ಇರಬೇಕಾದ ಪಸೆ ಆರಿಹೋಗಿತ್ತು. ಹಳೆಯದು ಹೊಸದಕ್ಕೆ ಅಂಟಿಕೊಂಡಿತ್ತು.

ಆಫ್ರಿಕಾದ ಒಣ ಹುಲ್ಲುಗಾವಲಿನಲ್ಲಿ ಈ ಹಾವು ಹೇಗೆ ಬದುಕುತ್ತದೆ ಅಂತ ಆಮೇಲೆ ಓದಿದೆ. ಹಗಲೆಲ್ಲ ಅದು ಇಲಿಯ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ ಇರುತ್ತದೆ. ಹೊರಗೆ ಬೇಸಿಗೆ ಇದ್ದರೂ ಒಳಗೆ ತಂಪು, ಒಳಗೆ ಪಸೆ. ಇದನ್ನು ಓದುವಾಗ ನನಗೆ ಮೈ ಜುಂ ಅಂದಿತು. ಹುತ್ತ ಅಂದರೆ ಹಾವಿನ ಮನೆ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದದ್ದು ನಾನು. ಉಂಡೆಗೆ ಬೆಳಕು ಕೊಟ್ಟೆ, ಗಾಳಿ ಕೊಟ್ಟೆ, ದೊಡ್ಡ ಜಾಗ ಕೊಟ್ಟೆ. ಹುತ್ತ ಮಾತ್ರ ಕೊಟ್ಟಿರಲಿಲ್ಲ. ಅವಳು ನೀರಿನ ಬಟ್ಟಲನ್ನೇ ಹುತ್ತ ಮಾಡಿಕೊಂಡಿದ್ದಳು.

ಕೈ ಹಾಕದೇ ಇರುವುದು

ಎಡಗಣ್ಣಿನ ಮೇಲಿನ ಆ ಮುಚ್ಚಳದ ಅಂಚು ಸ್ವಲ್ಪ ಎದ್ದಿತ್ತು. ಚಿಮಟದಲ್ಲಿ ಹಿಡಿದರೆ ಬಂದುಬಿಡುತ್ತದೆ ಅನ್ನಿಸುತ್ತಿತ್ತು. ಟೇಪ್ ಅಂಟಿಸಿ ಕೀಳಬಹುದು ಅಂತ ಹೇಳುವವರೂ ಇದ್ದಾರೆ. ಚಿಮಟ ಕೈಯಲ್ಲಿ ಹಿಡಿದದ್ದೂ ಹೌದು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಹಳೆಯ ಮುಚ್ಚಳದ ಅಡಿಯಲ್ಲೇ ಹೊಸ ಮುಚ್ಚಳ ಇದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಹೊಸದು ಕಿತ್ತು ಬಂದರೆ ಕಣ್ಣೇ ಹೋಗಬಹುದು.

ಬಾಲದ ಉಂಗುರ ಮಾತ್ರ ಕಾಯುವಂಥದ್ದಲ್ಲ. ಅದು ಒಣಗುತ್ತ ಹೋದಂತೆ ಬಿಗಿಯುತ್ತದೆ. ರಕ್ತ ಹರಿಯುವುದು ನಿಂತರೆ ತುದಿ ಕಪ್ಪಾಗಿ ಸಾಯುತ್ತದೆ. ಗಾಳಿಗೆ ತೂತು ಇರುವ ಡಬ್ಬದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಹಾಸಿ ಅವಳನ್ನು ಬಿಟ್ಟೆವು. ಅರ್ಧ ಗಂಟೆ, ನಾವು ಪಕ್ಕದಲ್ಲೇ ಕೂತು. ಆಮೇಲೆ ಮಗಳು ಇನ್ನೊಂದು ಒದ್ದೆ ಟವೆಲ್ಲನ್ನು ಸಡಿಲವಾಗಿ ಮುಷ್ಟಿಯಲ್ಲಿ ಹಿಡಿದಳು. ಉಂಡೆ ತಾನೇ ಅದರೊಳಗಿನಿಂದ ತೆವಳಿ ಆಚೆ ಹೋದಳು. ಎಳೆಯಲಿಲ್ಲ, ಉಜ್ಜಲಿಲ್ಲ. ಅವಳು ಮುಂದಕ್ಕೆ ಹೋಗುತ್ತಿದ್ದ ಹಾಗೆ ಬೆನ್ನಿನ ಚೂರುಗಳು ಟವೆಲ್ಲಿಗೆ ಅಂಟಿ ಬಂದವು. ಮರುದಿನ ಎರಡನೇ ಸಲ ಮಾಡಿದಾಗ ಬಾಲದ ಉಂಗುರವೂ ಬಂತು. ಅಡಿಯಲ್ಲಿ ಚರ್ಮ ಚೆನ್ನಾಗಿಯೇ ಇತ್ತು.

24ರಂದು ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋದೆವು. ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಅವರು ಬಹಳ ಹೊತ್ತು ಎಡಗಣ್ಣು ನೋಡಿದರು. ಒಂದು ಪದರ ಉಳಿದಿದೆ, ಊತ ಇಲ್ಲ, ಕೀವು ಇಲ್ಲ. ಮುಂದಿನ ಪೊರೆಯ ಜೊತೆ ಅದೇ ಹೋಗುತ್ತದೆ, ತೇವ ಸರಿಮಾಡಿ, ಕಣ್ಣು ಊದಿದರೆ ತಕ್ಷಣ ಬನ್ನಿ ಅಂದರು. ತೂಕ 1,505 ಗ್ರಾಂ. 35 ಗ್ರಾಂ ಇಳಿದಿತ್ತು, ಭಯಪಡುವಂಥದ್ದಲ್ಲ.

ಆ ವಾರಾಂತ್ಯ ಹುತ್ತ ಕಟ್ಟಿದೆವು. ಹೊಟ್ಟನ್ನೆಲ್ಲ ತೆಗೆದು ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ಚೂರುಗಳನ್ನು ನಾಲ್ಕು ಇಂಚು ತುಂಬಿದೆವು. ಮೂಲೆಗಳಲ್ಲಿ ನೀರು ಸುರಿದರೆ ಅದು ತಳದಲ್ಲಿ ನಿಲ್ಲುತ್ತದೆ, ಮೇಲೆ ಒಣಗಿಯೇ ಇರುತ್ತದೆ. ಮೇಲೂ ಒದ್ದೆಯಾದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಅದು ಇನ್ನೊಂದು ತೊಂದರೆ. ಲ್ಯಾಂಪ್ ತೆಗೆದು ಥರ್ಮೋಸ್ಟಾಟ್ ಇರುವ ಹೀಟ್ ಪ್ಯಾನೆಲ್ ಹಾಕಿದೆವು. ಜಾಲರಿಯ ಮುಕ್ಕಾಲು ಭಾಗ ಮುಚ್ಚಿದೆವು. ಕೊನೆಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬವೊಂದಕ್ಕೆ ಉಂಡೆ ನುಸುಳುವಷ್ಟು ಬಾಯಿ ಕೊರೆದು, ಒಳಗೆ ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಬೆಚ್ಚಗಿನ ಕಡೆ ಇಟ್ಟೆವು. ಎರಡು ದಿನದಲ್ಲಿ ಪ್ರೋಬ್ ಶೇ. 61 ತೋರಿಸಿತು. ಮೂರನೇ ದಿನ ಉಂಡೆ ಬಟ್ಟಲಿನ ಕಡೆ ಹೋಗಲಿಲ್ಲ. ಪಾಚಿಯ ಡಬ್ಬದ ಬಾಯಲ್ಲಿ ಮೂತಿ ಮಾತ್ರ ಕಾಣುತ್ತಿತ್ತು.

ಫೆಬ್ರವರಿ 2ಕ್ಕೆ ಇಲಿ ತಿಂದಳು. ಅವತ್ತಿನ ಪುಟದಲ್ಲಿ ಮಗಳು ಬರೆದದ್ದು ಒಂದೇ ಪದ, ದೊಡ್ಡ ಅಕ್ಷರದಲ್ಲಿ: ತಿಂದ್ಲು!

ಎರಡನೇ ಪೊರೆ

ಮಾರ್ಚ್ 8ಕ್ಕೆ ಹೊಟ್ಟೆ ಗುಲಾಬಿ. ಈ ಸಲ ಯಾರೂ ಗಾಬರಿಯಾಗಲಿಲ್ಲ. ಪಾಚಿಯನ್ನು ಮತ್ತೆ ಒದ್ದೆ ಮಾಡಿದೆವು, ನೀರು ಬದಲಿಸುವುದನ್ನು ಬೆಳಗಿನ ಹೊತ್ತಿಗೆ, ಅವಳು ಡಬ್ಬದೊಳಗೆ ಇರುವಾಗ ಇಟ್ಟುಕೊಂಡೆವು. 10ರಿಂದ ಕಣ್ಣು ನೀಲಿ. ಬುಸ್ ಅಂದದ್ದು ಒಂದೇ ಸಲ, ನಾನು ಮುಚ್ಚಳ ಜೋರಾಗಿ ತೆಗೆದಾಗ. 14ಕ್ಕೆ ಬಲಗಣ್ಣು ತಿಳಿಯಾಯಿತು. ಎಡಗಣ್ಣು ಮಂಕಾಗಿಯೇ ಇತ್ತು. ಮುಟ್ಟಲಿಲ್ಲ. ಇಲಿ ಕೊಡಲಿಲ್ಲ. ಮಗಳು ದಿನಾ ಶಾಲೆಯಿಂದ ಬಂದು ಗಾಜಿನ ಆಚೆ ಕೂತು ಹೋಮ್‌ವರ್ಕ್ ಮಾಡಿದಳು, ಅಷ್ಟೇ.

18ರ ಬೆಳಿಗ್ಗೆ ಆರಕ್ಕೆ ಅವಳು ನನ್ನನ್ನು ಎಬ್ಬಿಸಿದಳು. ಪಾಚಿಯ ಡಬ್ಬದ ಬಾಯಿಂದ ಟ್ಯಾಂಕಿನ ಆ ತುದಿಯವರೆಗೆ ಪೊರೆ ಉದ್ದಕ್ಕೆ ಬಿದ್ದಿತ್ತು, ಕಾಲಿನಿಂದ ಎಳೆದು ತೆಗೆದ ಕಾಲುಚೀಲದ ಹಾಗೆ ಒಳಗಿನದು ಹೊರಗಾಗಿ. ಇನ್ನೂ ಹಸಿಯಾಗಿತ್ತು, ಒದ್ದೆ ಟಿಶ್ಯೂವಿನಷ್ಟು ಮೆತ್ತಗೆ. ನೆಲದ ಮೇಲೆ ಬಿಡಿಸಿ ಅಳೆದೆವು. ನಾಲ್ಕು ಅಡಿ ಹಾವಿಗೆ ನಾಲ್ಕು ಅಡಿ ಒಂಬತ್ತು ಇಂಚಿನ ಪೊರೆ. ಹುರುಪೆಗಳ ನಡುವಿನ ಮಡಿಕೆಗಳೆಲ್ಲ ಹಿಗ್ಗುವುದರಿಂದ ಅದು ಯಾವಾಗಲೂ ಹಾವಿಗಿಂತ ಉದ್ದ. ಬಾಲದ ತುದಿಯ ಸೂಜಿಮೊನೆಯೂ ಹಾಗೇ ಇತ್ತು.

ಆಮೇಲೆ ತಲೆಯ ಭಾಗವನ್ನು ಮಗಳು ಅಂಗೈ ಮೇಲೆ ಇಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತುಟಿಯ ಗುಳಿಗಳು ಎಣಿಸಲು ಬರುವಷ್ಟು ಸ್ಪಷ್ಟ. ಬಲಗಣ್ಣಿನ ಮುಚ್ಚಳ ನೀರಿನ ಹನಿಯಂತೆ ತಿಳಿ. ಎಡಗಣ್ಣಿನದು ಸ್ವಲ್ಪ ದಪ್ಪ, ಸ್ವಲ್ಪ ಹಳದಿ. ಉಗುರಿನ ತುದಿಯಿಂದ ಅಂಚನ್ನು ಮೆಲ್ಲಗೆ ಸರಿಸಿದಳು. ಅದು ಎರಡಾಗಿ ಬಿಚ್ಚಿಕೊಂಡಿತು, ಜನವರಿಯದು ಒಂದು, ಮಾರ್ಚ್‌ನದು ಒಂದು.